ಬೇಡ ಎನ್ನದ ಡಬ್ಬಿ

ನಮ್ಮ ಪೈಕಿ ಪ್ರಾಟೆಸ್ಟೆಂಟರಲ್ಲಿ ವಾಗ್ದಾನದ ಡಬ್ಬಿ ಇಲ್ಲದ ಮನೆ ಅಪರೂಪ. ಟೀವಿಯ ಪಕ್ಕದಲ್ಲೋ ಫ್ರಿಜ್ಜಿನ ಮೇಲೋ ಅದಕ್ಕೊಂದು ಕಾಯಂ ಜಾಗ. ಬ್ರೆಡ್ಡಿನ ಆಕಾರದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣಬಣ್ಣದ ಚೀಟಿಗಳು, ಒಂದೊಂದರ ಮೇಲೂ ಸತ್ಯವೇದದ ಒಂದೊಂದು ವಚನ. ಬೆಳಗಿನ ಕಾಫಿಗೆ ಮುಂಚೆ ಕಣ್ಣುಮುಚ್ಚಿ ಒಂದನ್ನು ಎಳೆದು ಓದಿ ಮತ್ತೆ ಸಿಕ್ಕಿಸಿಟ್ಟರೆ ಆ ದಿನದ ಮಟ್ಟಿಗೆ ದೇವರ ಮಾತು ದೊರಕಿದ ಲೆಕ್ಕ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಇಡೀ ಸಭೆಯೇ ಈ ಕೆಲಸ ಮಾಡುತ್ತದೆ. ತಟ್ಟೆ ತುಂಬ ಕಾರ್ಡುಗಳು. ಸಾಲಿನಲ್ಲಿ ಹೋಗಿ ಒಂದೊಂದು ತೆಗೆದುಕೊಂಡು ಹೊರಗೆ ಬಂದು ಕೇಕ್ ತಿನ್ನುತ್ತಾ ‘ನಿಮಗೇನು ಬಂತು?’ ಎಂದು ವಿಚಾರಿಸಿಕೊಳ್ಳುವುದು. ನನ್ನ ಅಮ್ಮ ಹಾಗೆ ಬಂದ ಕಾರ್ಡುಗಳನ್ನೆಲ್ಲ ಕಪಾಟಿನ ಬಾಗಿಲ ಒಳಮೈಗೆ ಅಂಟಿಸುತ್ತಿದ್ದರು. ಕಪಾಟು ತೆರೆದರೆ ಸೀರೆಗಳಿಗಿಂತ ಮೊದಲು ಕಾಣುತ್ತಿದ್ದದ್ದು ವಾಗ್ದಾನಗಳೇ.

ನನಗೆ ಆ ಡಬ್ಬಿಯ ಮೇಲೆ ಯಾವ ತಕರಾರೂ ಇರಲಿಲ್ಲ, ತಮ್ಮನ ಮಗ ಬ್ಯಾಂಕಿನ ಕೆಲಸ ಬಿಟ್ಟು ಒಡಿಶಾದ ಗುಡ್ಡಗಾಡಿಗೆ ಮಿಷನ್ ಸೇವೆಗೆ ಹೋಗುತ್ತೇನೆ ಎಂದು ಹೇಳುವ ತನಕ.

ಕರೆ ಬಂದಿದೆ ಎಂದ. ನಮ್ಮಲ್ಲಿ ಕರೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಅದು ಮರ್ಯಾದೆಯಲ್ಲ. ಜಗಳವೆಲ್ಲ ತರಬೇತಿಯ ಮೇಲೆ ಬಂತು. ತಮ್ಮನಿಗೆ ಮಗ ಮಂಗಳೂರಿನ ಬಲ್ಮಠ ಗುಡ್ಡದ ಮೇಲೇ ಬಿ.ಡಿ., ಅಂದರೆ ದೇವಶಾಸ್ತ್ರದ ಪದವಿ, ಓದಲಿ ಎಂಬಾಸೆ. 1847ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಸೆಮಿನರಿಯೇ ಅಲ್ಲಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಮೂಲ. ನಮ್ಮ ಅಜ್ಜನ ಕಾಲದಿಂದಲೂ ಆ ಗುಡ್ಡದ ಮೇಲೆ ನಮ್ಮವರಿಗೊಂದು ಅಭಿಮಾನ. ಬೆಂಗಳೂರಿನ ಚಿಕ್ಕಪ್ಪನಿಗೆ 1910ರ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿಗಿಂತ ಕೆಳಗಿನದ್ದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಹುಡುಗನ ಮನಸ್ಸು ಮಾತ್ರ ಹೊರರಾಜ್ಯದ ಒಂದು ಚಿಕ್ಕ ತರಬೇತಿ ಕೇಂದ್ರದಲ್ಲಿ ನೆಟ್ಟಿತ್ತು. ಒಂದೇ ವರ್ಷದ ಕೋರ್ಸು, ಅರ್ಧ ಪಾಠ, ಅರ್ಧ ಹಳ್ಳಿವಾಸ. ಕುಟುಂಬ ಪ್ರಾರ್ಥನೆ ನಡೆಯಿತು, ಒಂದು ಶುಕ್ರವಾರ ಉಪವಾಸವೂ ಆಯಿತು. ಕೊನೆಗೆ ತಮ್ಮನ ಹೆಂಡತಿ ಎದ್ದುಹೋಗಿ ಡಬ್ಬಿ ತಂದಳು.

ಬಂದದ್ದು ಕೀರ್ತನೆಗಳ ಪುಸ್ತಕದ ವಚನ. ನಡೆಯಬೇಕಾದ ದಾರಿಯನ್ನು ದೇವರೇ ಕಲಿಸಿಕೊಡುತ್ತಾನೆ ಎಂಬರ್ಥದ್ದು. ಎಲ್ಲರ ಮುಖವೂ ಅರಳಿತು. ದಾರಿ ಎಂದಮೇಲೆ ಬಲ್ಮಠವೇ, ಮನೆ ಎದುರಿಂದಲೇ ಬಸ್ಸಿದೆಯಲ್ಲ ಎಂದ ತಮ್ಮ. ಕಲಿಸುವುದು ಎಂದಮೇಲೆ ದೊಡ್ಡ ಕಾಲೇಜೇ ಎಂದು ಚಿಕ್ಕಪ್ಪ ಫೋನಿನಲ್ಲಿ. ನಡೆಯಬೇಕು ಎಂದಮೇಲೆ ಹಳ್ಳಿಯೇ ಎಂದ ಹುಡುಗ. ಒಂದು ಚೀಟಿಯಲ್ಲಿ ಮೂವರೂ ಗೆದ್ದರು.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಡಬ್ಬಿಯನ್ನು ಮೇಜಿನ ಮೇಲೆ ಸುರುವಿ ಚೀಟಿಗಳನ್ನೆಲ್ಲ ಓದಿದೆ. ನಿವೃತ್ತ ಮೇಷ್ಟರಿಗೆ ಉತ್ತರಪತ್ರಿಕೆ ತಿದ್ದುವ ಚಟ ಹೋಗುವುದಿಲ್ಲ. ಆಶೀರ್ವಾದ, ಸಮಾಧಾನ, ಬಿಡುಗಡೆ, ಮತ್ತೆ ಆಶೀರ್ವಾದ. ತಾರ್ಷೀಷಿನ ಹಡಗು ಹತ್ತಿ ಮೀನಿನ ಹೊಟ್ಟೆ ಸೇರಿದ ಯೋನನ ಸುದ್ದಿ ಇಲ್ಲ. ಏಷ್ಯಾ ಸೀಮೆಗೆ ಹೋಗಬೇಡ, ಬಿಥೂನ್ಯಕ್ಕೂ ಹೋಗಬೇಡ ಎಂದು ಪವಿತ್ರಾತ್ಮನೇ ಪೌಲನನ್ನು ತಡೆದ ಅಪೊಸ್ತಲರ ಕೃತ್ಯಗಳ ಭಾಗವಂತೂ ಮೊದಲೇ ಇಲ್ಲ. ಪೌಲ ಮಕೆದೋನ್ಯ ತಲುಪಿದ್ದು ಆ ಎರಡು ‘ಬೇಡ’ಗಳ ದೆಸೆಯಿಂದ. ನಮ್ಮ ಡಬ್ಬಿ ತಯಾರಿಸಿದವರು ಜಾಣರು. ಬೇಡ ಎನ್ನುವ ಚೀಟಿ ಹಾಕಿದರೆ ಯಾರು ಕೊಳ್ಳುತ್ತಾರೆ?

ಈ ಚೀಟಿಗೆ ಮುನ್ನೂರು ವರ್ಷದ ಚರಿತ್ರೆ ಇದೆ. ಸೈಲೇಸಿಯಾದ ಕಾರ್ಲ್ ಹೈನ್ರಿಶ್ ಫಾನ್ ಬೋಗಾಟ್ಸ್ಕಿ ಎಂಬ ಕುಲೀನ ಮನೆತನದ ಮಗ ವಚನಗಳನ್ನು ಆಯ್ದು 1718ರಲ್ಲಿ ಒಂದು ಕಿರುಪುಸ್ತಕ ಹೊರತಂದ. ಅಪ್ಪನಿಗೆ ಮಗ ಸೈನ್ಯ ಸೇರಬೇಕೆಂಬ ಹಟ, ಮಗನಿಗೆ ದೇವಶಾಸ್ತ್ರದ ಹಂಬಲ. ಅಪ್ಪ ಮಗನನ್ನೇ ಬಿಟ್ಟ. ಮನೆಮನೆಗೆ ಸಮಾಧಾನದ ವಚನ ಹಂಚಿದವನ ಸ್ವಂತ ಮನೆಯಲ್ಲಿ ಸಿಕ್ಕಿದ್ದು ಖಡಾಖಂಡಿತ ನಿರಾಕರಣೆ. ಹತ್ತು ವರ್ಷ ಕಳೆದು, 1728ರ ಮೇ 3ರ ಸಂಜೆ, ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ ಕೌಂಟ್ ಜಿನ್ಸೆಂಡಾರ್ಫ್ ಮೊರೇವಿಯನ್ ಸಭೆಗೆ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟ. 1731ರಿಂದ ಇಂಥ ದಿನದಿನದ ವಾಕ್ಯಗಳು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗುತ್ತ ಬಂದಿವೆ. ಈಗಲೂ ಆ ಊರಿನಲ್ಲಿ ಹಳೆಯ ಒಡಂಬಡಿಕೆಯ ಸಾವಿರದ ಎಂಟುನೂರಕ್ಕೂ ಹೆಚ್ಚು ವಚನಗಳ ನಡುವಿನಿಂದ ದಿನಕ್ಕೊಂದರಂತೆ ಚೀಟಿ ಎತ್ತುತ್ತಾರೆ, ಅದೂ ಮೂರು ವರ್ಷ ಮುಂಚಿತವಾಗಿ.

ಆದರೆ ಆ ಊರಿನವರ ಹತ್ತಿರ ಇನ್ನೊಂದು ಬಗೆಯ ಚೀಟಿಯೂ ಇತ್ತು. ಮೂರು ಚೂರು ಕಾಗದ: ಒಂದರಲ್ಲಿ ಹೌದು, ಒಂದರಲ್ಲಿ ಇಲ್ಲ, ಮೂರನೆಯದು ಖಾಲಿ. ಖಾಲಿ ಬಂದರೆ ಈಗ ಕಾಯಿ, ಆಮೇಲೆ ಕೇಳು ಎಂದು ಅರ್ಥ. ಮದುವೆಗೂ ಇದೇ, ಮಿಷನರಿಯನ್ನು ಕಳಿಸುವುದಕ್ಕೂ ಇದೇ. 1732ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದ ಗುಲಾಮರ ನಡುವೆ ಸೇವೆ ಮಾಡಲು ಇಬ್ಬರು ಗೆಳೆಯರು ಮುಂದೆ ಬಂದಾಗ ಲಿಯೊನಾರ್ಡ್ ಡೋಬರನಿಗೆ ಒಪ್ಪಿಗೆ ಬಂತು, ಟೋಬಿಯಾಸ್ ಲಿಯುಪೋಲ್ಡನಿಗೆ ಆಗ ಬರಲಿಲ್ಲ. ಡೋಬರ್ ಕುಂಬಾರ, ಡೇವಿಡ್ ನಿಚ್‌ಮನ್ ಎಂಬ ಬಡಗಿಯ ಜೊತೆ ಆಗಸ್ಟಿನಲ್ಲಿ ಹೊರಟ. ಕೈಕಸುಬಿನಿಂದಲೇ ಹೊಟ್ಟೆ ಹೊರೆದುಕೊಳ್ಳುವ ಯೋಚನೆ. ದ್ವೀಪಕ್ಕೆ ಹೋಗಿ ನೋಡಿದರೆ ಅಲ್ಲಿನ ಮಣ್ಣು ಮಡಕೆಗೆ ಒಗ್ಗದು! ಬಡಗಿಯ ಉಳಿಯೇ ಇಬ್ಬರಿಗೂ ಅನ್ನ ಹಾಕಿತು. ಹೋಗು ಎಂದ ಚೀಟಿ ಮಣ್ಣಿನ ವಿಷಯ ಹೇಳಿರಲಿಲ್ಲ.

ನಮ್ಮ ಮೈಸೂರು, ತುಮಕೂರು ಕಡೆ ಶಾಲೆ ಆಸ್ಪತ್ರೆ ಕಟ್ಟಿದ ವೆಸ್ಲಿಯನ್ ಮಿಷನ್ನಿಗೆ ಹೆಸರು ಕೊಟ್ಟ ಜಾನ್ ವೆಸ್ಲಿಯೂ ಈ ಚೀಟಿಗೆ ಸಿಕ್ಕಿಬಿದ್ದವರೇ. ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋದಾಗ ಸೋಫಿ ಹಾಪ್ಕಿ ಎಂಬ ಹುಡುಗಿಯ ಮೇಲೆ ಮನಸ್ಸಾಯಿತು. 1737ರ ಮಾರ್ಚಿನಲ್ಲಿ ಮೂರು ಚೀಟಿ ಬರೆದರು. ಮದುವೆಯಾಗು, ಈ ವರ್ಷ ಯೋಚಿಸಬೇಡ, ಇನ್ನೆಂದೂ ಯೋಚಿಸಬೇಡ. ಗೆಳೆಯ ಎತ್ತಿದ್ದು ಮೂರನೆಯದನ್ನು. ವೆಸ್ಲಿ ತಲೆಬಾಗಿದರು, ಆದರೆ ಹುಡುಗಿ ಕೆಲವೇ ದಿನಗಳಲ್ಲಿ ಬೇರೊಬ್ಬನನ್ನು ಮದುವೆಯಾದಾಗ ಆ ತಲೆ ನೆಟ್ಟಗಾಯಿತು. ಮುಂದೆ ಅವಳಿಗೆ ಕರ್ತನ ಭೋಜನ ಕೊಡಲು ನಿರಾಕರಿಸಿದರು, ಸಂಗತಿ ಕೋರ್ಟು ಹತ್ತಿತು, ಆ ವರ್ಷದ ಕೊನೆಗೆ ಜಾರ್ಜಿಯಾವನ್ನೇ ಬಿಡಬೇಕಾಯಿತು. ಚೀಟಿ ಬಾಯಿ ಮುಚ್ಚಿಸಬಹುದು. ಒಳಗಿನ ಸಂಕಟ ಅದರ ಮಾತು ಕೇಳುವುದಿಲ್ಲ. ಮೊರೇವಿಯನ್ನರೂ 1818ರಲ್ಲಿ ಸಾಮಾನ್ಯ ಸದಸ್ಯರ ಮದುವೆಯಿಂದ ಚೀಟಿಯನ್ನು ತೆಗೆದರು, 1889ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟರು.

ಮಂಗಳೂರಿನ ನಮಗೆ ಹತ್ತಿರದ ಬಾಸೆಲಿನವರದು ಬೇರೆ ದಾರಿ. 1816ರಲ್ಲಿ ಅವರು ತೆರೆದ ತರಬೇತಿ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ವ್ಯುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಅರ್ಜಿಯ ಜೊತೆ ತನ್ನ ಬದುಕಿನ ಕತೆಯನ್ನು ಸ್ವಂತ ಕೈಯಲ್ಲಿ ಬರೆದು ಕೊಡಬೇಕು, ಊರ ಪಾದ್ರಿಯ ಅಭಿಪ್ರಾಯ ಬೇಕು. ಕಮಿಟಿಯವರು ಕರೆಯನ್ನು ಜರಡಿ ಹಿಡಿದು ಎಷ್ಟೋ ಜನರನ್ನು ವಾಪಸ್ ಕಳಿಸುತ್ತಿದ್ದರು. ಒಳಗೆ ಬಂದವರಿಗೆ ವರ್ಷಗಟ್ಟಲೆ ಗ್ರೀಕು, ಹೀಬ್ರೂ, ಜೊತೆಗೆ ಮೈಮುರಿಯುವ ಕೆಲಸ. 1834ರಲ್ಲಿ ಮಂಗಳೂರು ತಲುಪಿದ ಹೆಬಿಕ್, ಲೇನರ್, ಗ್ರೈನರ್, ಆಮೇಲೆ ಬಂದ ಕಿಟ್ಟೆಲ್, ಎಲ್ಲರೂ ಆ ಮನೆ ದಾಟಿ ಬಂದವರು. ಈ ಊರಿಂದ ಅಲ್ಲಿಗೆ ಹೋದವರೂ ಇದ್ದಾರೆ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರನ್ನು ಮಿಷನರಿ ಮೊಗ್ಲಿಂಗ್ 1846ರಲ್ಲಿ ಬಾಸೆಲಿಗೆ ಕರೆದೊಯ್ದರು. ಐದು ವರ್ಷ ಓದಿ, ದೀಕ್ಷೆ ಪಡೆದು, ಹಿಂದಿರುಗಿ ಇಲ್ಲಿನ ಸೆಮಿನರಿಯಲ್ಲೇ ಪಾಠ ಹೇಳಿದರು. ಕೌಂಡಿನ್ಯರಿಗೆ ‘ಬೇಡ’ ಹೇಳಲು ಚೀಟಿಯೇ ಬೇಕಿರಲಿಲ್ಲ, ದೀಕ್ಷಾಸ್ನಾನ ಪಡೆದಾಗ ಇಡೀ ಊರೇ ಗದ್ದಲ ಎಬ್ಬಿಸಿ ಹೇಳಿತ್ತು.

ಬಾಸೆಲಿನ ಕಮಿಟಿಯನ್ನು ನಾನು ಹೊಗಳುತ್ತಿಲ್ಲ. ಮಿಷನರಿ ಮದುವೆಯಾಗುವುದಕ್ಕೂ ಅದರ ಅಪ್ಪಣೆ ಬೇಕಿತ್ತು. ಮುಖ ನೋಡದ ವರನಿಗಾಗಿ ಹಡಗು ಹತ್ತಿ ಬಂದ ಹುಡುಗಿಯರು ಎಷ್ಟೋ. ಆ ಹುಡುಗಿಯರಿಗೆ ಗ್ರೀಕೂ ಇಲ್ಲ, ಹೀಬ್ರೂವೂ ಇಲ್ಲ. ಕನ್ನಡವೋ ತುಳುವೋ, ಬಂದಮೇಲೆ ಅಡಿಗೆಮನೆಯಲ್ಲೇ ಕಲಿಯಬೇಕು.

ಇದನ್ನೆಲ್ಲ ಒಂದು ಭಾನುವಾರ ಊಟದ ಹೊತ್ತಿಗೆ ಹೇಳುತ್ತಿದ್ದೆ. ಹುಡುಗನ ಹೆಂಡತಿ, ತಮ್ಮನ ಸೊಸೆ, ಮಗುವಿಗೆ ಮೀನಿನ ಮುಳ್ಳು ಬಿಡಿಸುತ್ತಿದ್ದವಳು ತಲೆ ಎತ್ತದೆ, “ದೊಡ್ಡಮಾವ, ನನ್ನನ್ನೂ ಇನ್ನೂ ಯಾರೂ ಕೇಳಿಲ್ಲ” ಎಂದಳು.

ಅವಳು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಗುಡ್ಡಗಾಡಿಗೆ ಹೋದರೆ ಇವರಿಬ್ಬರಲ್ಲಿ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುವವಳು ಅವಳೇ. ಗಂಡ ಮೆಚ್ಚಿದ ಕೇಂದ್ರಕ್ಕೆ ಅವಳೇ ಫೋನು ಮಾಡಿ ಕೇಳಿದ್ದಳಂತೆ. ಹೆಂಡಂದಿರು ಬೇಕಿದ್ದರೆ ತರಗತಿಯಲ್ಲಿ ಕೂತು ಕೇಳಬಹುದು, ಸರ್ಟಿಫಿಕೇಟು ಇಲ್ಲ. ಸಂಸಾರಕ್ಕೆ ಕ್ವಾರ್ಟರ್ಸೂ ಇಲ್ಲ, ಮಗುವಿನ ವ್ಯವಸ್ಥೆ ನೀವೇ ಮಾಡಿಕೊಳ್ಳಿ. “ಹಾಗಾದರೆ ಅದು ಬೇಡ” ಎಂದಳು. ಮನೆಯಲ್ಲಿ ಆ ಮಾತು ಕೇಳಿಬಂದದ್ದು ಅದೇ ಮೊದಲು. ತಮ್ಮನ ಹೆಂಡತಿ ಅಭ್ಯಾಸಬಲದಿಂದ ಡಬ್ಬಿಯ ಕಡೆ ನೋಡಿದಳು.

ಎರಡನೆಯ ಬೇಡ ನಿವೃತ್ತ ಸಭಾಪಾಲಕರಿಂದ ಬಂತು. ಪ್ರಾರ್ಥಿಸಿ ಆಶೀರ್ವದಿಸಲಿ ಎಂದು ಕರೆದರೆ ಅಯ್ಯನವರು ಸೋಫಾದಲ್ಲಿ ಕೂತು ಹುಡುಗನಿಗೆ ಕೇಳಿದ್ದು, “ಸಾಲ ಎಷ್ಟಿದೆ?” ಫ್ಲ್ಯಾಟಿನ ಸಾಲ, ಕಾರಿನ ಸಾಲ, ಎರಡೂ ಇತ್ತು. “ಒಡಿಶಾದಲ್ಲಿ 1967ರಿಂದಲೇ ಮತಾಂತರದ ಮೇಲೆ ಕಾಯ್ದೆ ಇದೆ, ಓದಿದ್ದೀಯಾ?” ಓದಿರಲಿಲ್ಲ. “ಒಡಿಯಾ ಬರುತ್ತದಾ?” ಬರುತ್ತಿರಲಿಲ್ಲ. ಆಮೇಲೆ ಅವರು ಚಾ ಕುಡಿದು ಪ್ರಾರ್ಥಿಸಿದರು, ಚಿಕ್ಕದಾಗಿ. ದೇವರ ಚಿತ್ತವನ್ನು ಇಷ್ಟು ಕಡಿಮೆ ಮಾತಿನಲ್ಲಿ ವಿಚಾರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಹುಡುಗ ಒಂದು ವಾರ ಮುಖ ಊದಿಸಿಕೊಂಡು ತಿರುಗಿದ. ಆಮೇಲೆ ಕಾರು ಮಾರಿದ, ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟ. ಗಂಡ ಹೆಂಡತಿ ಇಬ್ಬರನ್ನೂ ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುವ, ಮಗುವಿಗೆ ಬಾಲವಾಡಿ ಇರುವ ಇನ್ನೊಂದು ಕಡೆ ಅರ್ಜಿ ಹಾಕಿದ್ದಾರೆ. ಬಿ.ಡಿ. ಏನಿದ್ದರೂ ಆಮೇಲೆ, ನಾಲ್ಕಾರು ವರ್ಷ ಅಲ್ಲಿದ್ದು ಬಂದಮೇಲೆ, ಬೇಕೆನಿಸಿದರೆ. ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಬಲ್ಮಠದ ಬಸ್ಸು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಾನೆ. ಅರ್ಜಿಯಲ್ಲಿ ಇಬ್ಬರ ಹೆಸರೂ ಇದೆ, ಫೀಸೂ ಇಬ್ಬರದು, ರಿಯಾಯಿತಿ ಇಲ್ಲ.

ಸೊಸೆ ಆಗಲೇ ಪಾಠ ಶುರುಮಾಡಿದ್ದಾಳೆ. ಕಟ್ಟಡದ ಕೆಲಸದಲ್ಲಿ ಕಾಲು ಮುರಿದುಕೊಂಡು ವಾರ್ಡಿಗೆ ಬಂದ ಒಡಿಶಾದ ಹುಡುಗನೊಬ್ಬನಿಂದ ನೋವೆಲ್ಲಿ, ಊಟವಾಯಿತೇ, ಭಯಪಡಬೇಡ ಎಂಬಷ್ಟನ್ನು ಕಲಿತಿದ್ದಾಳೆ. ಅವನು ಗುಣವಾಗಿ ಮನೆಗೆ ಹೋದ, ಪಾಠ ಅಲ್ಲಿಗೇ ನಿಂತಿದೆ. ಮಂಗಳೂರಿನಲ್ಲಿ ಒಡಿಯಾ ಕಲಿಸುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವಳಿಗೆ ನೈಟ್ ಡ್ಯೂಟಿ ಇಲ್ಲದ ವಾರಗಳಲ್ಲಿ ಸಂಜೆ ಆರರ ಮೇಲೆ ಇಬ್ಬರೂ ಬಿಡುವಾಗಿರುತ್ತಾರೆ.