ಚಲನೆಯೋ ಇರುವಿಕೆಯೋ: ಎನ್. ಬೇಗೂರಿನ ಎರಡು ಪಾಠಗಳು

ಪಾಠಯೋಜನೆಯ ‘ಕಲಿಕಾ ಫಲ’ದ ಅಂಕಣದಲ್ಲಿ ನಾನು ಹೀಗೆ ಬರೆದಿದ್ದೆ: ‘ಕೋಣೆಯಲ್ಲಿ ಮನುಷ್ಯರಿದ್ದರೆ ಸೆನ್ಸರ್ ಅದನ್ನು ಗುರುತಿಸಿ ದೀಪ ಹೊತ್ತಿಸುತ್ತದೆ ಎಂಬುದನ್ನು ವಿದ್ಯಾರ್ಥಿಯು ವಿವರಿಸುವನು.’ ಎನ್. ಬೇಗೂರಿನಲ್ಲಿ ಒಂಬತ್ತನೇ ತರಗತಿಗೆ ನಾನು ಮಾಡಿದ ಪಾಠ ಹಾಳಾದದ್ದು ಈ ವಾಕ್ಯದಿಂದಲೇ.

ಉಪಕರಣ ದೊಡ್ಡದೇನಲ್ಲ. ಒಂದು ಪಿಐಆರ್ ಸೆನ್ಸರ್, ನಾಲ್ಕು ಪೆನ್ಸಿಲ್ ಸೆಲ್, ಒಂದು ಎಲ್‌ಇಡಿ, ರಟ್ಟಿನಲ್ಲಿ ಮಾಡಿದ ಮನೆ. 230 ವೋಲ್ಟಿನ ತಂತಿಯನ್ನು ಮಕ್ಕಳ ಹತ್ತಿರ ತರಬಾರದೆಂದು ಮೊದಲೇ ನಿರ್ಧರಿಸಿದ್ದೆ. ಒಬ್ಬ ಹುಡುಗನನ್ನು ಮುಂದೆ ಕರೆದೆ. ಅವನು ನಡೆದು ಬಂದಾಗ ದೀಪ ಹೊತ್ತಿತು, ಚಪ್ಪಾಳೆ ಬಿತ್ತು. ಕುರ್ಚಿಯಲ್ಲಿ ಕೂತು ಪುಸ್ತಕ ಓದಲು ಹೇಳಿದೆ. ಅವನು ಭಯಭಕ್ತಿಯಿಂದ ಅಲ್ಲಾಡದೆ ಕೂತ. ಕೆಲವು ಸೆಕೆಂಡಿನಲ್ಲಿ ದೀಪ ಆರಿಹೋಯಿತು. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. ನಾನು ಮೆಲ್ಲಗೆ, “ಕೈ ಆಡ್ಸೋ” ಅಂದೆ. ಆಡಿಸಿದ, ಹೊತ್ತಿತು. “ನೋಡಿ, ಸರಿಹೋಯ್ತು” ಎಂದು ಮುಂದೆ ಹೋದೆ.

ಪಾಠದ ಕೊನೆಗೆ ಕಿಟಕಿ ಪಕ್ಕದ ಹುಡುಗಿ ಎದ್ದಳು. “ಮೇಡಂ, ನಮ್ ತಾತಂಗೆ ಲಕ್ವ ಹೊಡ್ದದೆ. ಮಲಗಿದ್ದಂಗೇ ಅವ್ರೆ. ಅವ್ರ್ ರೂಮಲ್ಲಿ ಇದ್ ಹಾಕುದ್ರೆ ಲೈಟ್ ಆರೋಯ್ತದಾ?”

“ಇಲ್ಲಮ್ಮ, ಅದು ಮನುಷ್ಯರನ್ನ ಗುರುತಿಸುತ್ತೆ” ಅಂದುಬಿಟ್ಟೆ. ಗಂಟೆ ಹೊಡೆಯಿತು.

ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತ ಎಲ್ಲಕ್ಕೂ ಒಳ್ಳೆಯ ಅಂಕಗಳೇ ಇದ್ದವು. ಕೆಳಗೆ ಒಂದೇ ಸಾಲಿನ ಪ್ರಶ್ನೆ: ‘ತಾತನ ಕುರಿತು ಕೊಟ್ಟ ಉತ್ತರ ಸರಿಯೇ?’ ಸರಿಯಲ್ಲವೆಂದು ಉತ್ತರ ಕೊಡುವಾಗಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪು ಹೇಳಿದ್ದರೆ ಆ ರಾತ್ರಿ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಅದೇ ತರಗತಿಗೆ ಹೋಗಿ, “ನಿನ್ನೆ ನಾನು ತಪ್ಪು ಹೇಳಿದೆ, ತಾತನ ದೀಪ ಆರಿಹೋಗುತ್ತೆ” ಎಂದೇ ಶುರುಮಾಡಿದೆ. ಯಾಕೆ ಆರುತ್ತದೆ ಎಂಬುದು ಅಂದಿನ ಪಾಠ. ನಮ್ಮ ಮೈ ಬಿಸಿಯಿಂದ ಸದಾ ಅವಕೆಂಪು ಕಿರಣ ಹೊರಡುತ್ತಿರುತ್ತದೆ. ಸೆನ್ಸರಿನೊಳಗೆ ಅದನ್ನು ಗ್ರಹಿಸುವ ಎರಡು ತುಣುಕುಗಳಿವೆ, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಯಾರಾದರೂ ಅಡ್ಡ ಹಾದರೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ಬಿಸಿ ತಟ್ಟುತ್ತದೆ. ಆ ವ್ಯತ್ಯಾಸವೇ ಸಂಕೇತ. ಅಲ್ಲಾಡದೆ ಇದ್ದರೆ ವ್ಯತ್ಯಾಸವಿಲ್ಲ, ಸಂಕೇತವೂ ಇಲ್ಲ. ಅಂದರೆ ಇದು ನೋಡುವುದು ಮನುಷ್ಯನನ್ನಲ್ಲ, ಬಿಸಿಯ ಚಲನೆಯನ್ನು. ಎಮ್ಮೆ ಹಾದರೂ ದೀಪ ಹೊತ್ತುತ್ತದೆ.

ಆಗ ಒಬ್ಬ ಹುಡುಗ, “ಕಾಡಲ್ಲಿ ಮರಕ್ಕೆ ಕಟ್ತಾರಲ್ಲ ಕ್ಯಾಮೆರಾ, ಅದೂ ಹಿಂಗೇನಾ?” ಅಂದ. ನನಗೆ ಹೊಳೆಯಬೇಕಾಗಿದ್ದ ಉದಾಹರಣೆ ಅದು. ಬಂಡೀಪುರದ ಒಂದು ವಲಯದ ಹೆಸರೇ ಎನ್. ಬೇಗೂರು. ಹುಲಿಗಣತಿಗೆ ಕಟ್ಟುವ ಕ್ಯಾಮೆರಾಗಳಲ್ಲಿ ಬಹುಪಾಲು ಇದೇ ತತ್ತ್ವದವು. ದಾರಿಯ ಎರಡೂ ಬದಿ ಒಂದೊಂದು ಕಟ್ಟುತ್ತಾರೆ, ಯಾಕೆಂದರೆ ಹುಲಿಯ ಎಡಮೈ ಪಟ್ಟೆ ಬಲಮೈಯಂತೆ ಇರುವುದಿಲ್ಲ. ಪಟ್ಟೆ ನೋಡಿ ಹುಲಿ ಎಣಿಸುವ ಈ ಕ್ರಮವನ್ನು ಪಕ್ಕದ ನಾಗರಹೊಳೆಯಲ್ಲೇ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಬೆಳೆಸಿದ್ದು. 2018ರ ಗಣತಿಯಲ್ಲಿ ದೇಶದಾದ್ಯಂತ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ನಾನು ರಟ್ಟಿನ ಮನೆ ಕತ್ತರಿಸುತ್ತ ಕಳೆದ ಎರಡು ರಾತ್ರಿ ವ್ಯರ್ಥವೇ ಅನ್ನಿಸಿತು.

ಆಮೇಲೆ ಪಾಠವನ್ನು ಮಕ್ಕಳೇ ನಡೆಸಿದರು. ಸೆನ್ಸರಿನ ಕಡೆಗೆ ನೇರವಾಗಿ, ಮೆಲ್ಲಗೆ ನಡೆದು ಬಂದರೆ ಅದು ತಡವಾಗಿ ಗುರುತಿಸುತ್ತದೆ, ಅಡ್ಡ ಹಾದರೆ ತಕ್ಷಣ ಗುರುತಿಸುತ್ತದೆ ಎಂದು ಕಂಡುಕೊಂಡರು. ಬಾಗಿಲಿಗೆ ಎದುರಾಗಿ ಇಡುವುದಕ್ಕಿಂತ ಪಕ್ಕದ ಗೋಡೆಯಲ್ಲಿ ಇಡುವುದು ವಾಸಿ ಎಂದವರೂ ಅವರೇ. ಫೋಟೊ ಕಟ್ಟಿನ ಗಾಜನ್ನು ಅಡ್ಡ ಹಿಡಿದರೆ ಏನಾಗಬಹುದು, ತೆಳುವಾದ ಕಪ್ಪು ಪ್ಲಾಸ್ಟಿಕ್ ಕವರ್ ಹಿಡಿದರೆ ಏನಾಗಬಹುದು ಎಂದು ಕೇಳಿದೆ. ಗಾಜಿನಲ್ಲಿ ಕಾಣುತ್ತದೆ, ಕವರಿನಲ್ಲಿ ಕಾಣುವುದಿಲ್ಲ ಎಂದು ಎಲ್ಲರೂ ಒಂದೇ ದನಿ. ಆದದ್ದು ತಿರುಗುಮುರುಗು. ನಮ್ಮ ಮೈಯಿಂದ ಹೊರಡುವ ಅವಕೆಂಪು ಕಿರಣವನ್ನು ಗಾಜು ತಡೆಯುತ್ತದೆ, ತೆಳು ಪಾಲಿಥೀನ್ ಬಿಡುತ್ತದೆ. ಸೆನ್ಸರಿನ ಬಿಳಿ ಬುರುಡೆಯೂ ಪಾಲಿಥೀನಿನದೇ. ಐದು ನಿಮಿಷ ಯಾರೂ ಕೂರಲಿಲ್ಲ. ಶಿಸ್ತಿನ ಅಂಕ ಹೋದರೆ ಹೋಗಲಿ ಎಂದುಕೊಂಡೆ.

ಹಾಗಾದರೆ ತಾತನ ಕೋಣೆಗೆ? ದೀಪ ಆರುವ ಹೊತ್ತನ್ನು ಸುಮಾರು ಐದು ನಿಮಿಷಕ್ಕೆ ಹಿಗ್ಗಿಸಬಹುದು, ಅದಕ್ಕೆ ಸೆನ್ಸರಿನಲ್ಲೇ ತಿರುಪು ಇದೆ. ಆದರೆ ಆರನೇ ನಿಮಿಷ ಏನು ಮಾಡುವುದು? ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಹಿಡಿಯುವ 24 ಗಿಗಾಹರ್ಟ್ಸ್‌ನ ರೇಡಾರ್ ಸೆನ್ಸರ್‌ಗಳು ಈಗ ಬಂದಿವೆ. ‘ಇರುವಿಕೆಯ ಸೆನ್ಸರ್’ ಎಂಬ ಹೆಸರು ನಿಜವಾಗಿ ಒಪ್ಪುವುದು ಅವಕ್ಕೆ. ಆದರೆ ಫ್ಯಾನು ತಿರುಗಿದರೆ, ಪರದೆ ಹಾರಿದರೆ ಅವೂ ಮೋಸಹೋಗಬಹುದು. ಇದನ್ನೆಲ್ಲ ಹೇಳಿ, ಅವರವರ ಮನೆಯ ನಕ್ಷೆ ಬರೆದು ಎಲ್ಲಿ ಸೆನ್ಸರ್ ಬೇಕು, ಎಲ್ಲಿ ಬೇಡ ಎಂದು ಗುರುತು ಹಾಕಲು ಹೇಳಿದೆ.

ಹೆಚ್ಚಿನವರು ಕೊಟ್ಟಿಗೆಗೂ ಬಚ್ಚಲ ದಾರಿಗೂ ಹಾಕಿದ್ದರು. ರಾತ್ರಿ ಅಂಗಳಕ್ಕೆ ಇಳಿಯಲು ಹೆದರಬೇಕಾದ ಊರುಗಳಲ್ಲಿ ಇದು ಸಹಜವೇ. ಹಗಲು ಹೊತ್ತಿ ಕರೆಂಟು ದಂಡವಾಗದಂತೆ ಬೆಳಕು ಗ್ರಹಿಸುವ ಎಲ್‌ಡಿಆರ್ ಒಂದನ್ನು ಜೊತೆಗೆ ಸೇರಿಸಬೇಕೆಂದು ಇಬ್ಬರು ಬರೆದಿದ್ದರು. ಪಾಠಯೋಜನೆಯಲ್ಲಿ ಅದು ಇರಲೇ ಇಲ್ಲ.

ಆ ಹುಡುಗಿಯ ನಕ್ಷೆಯಲ್ಲಿ ಕೊಟ್ಟಿಗೆಗೆ ಸೆನ್ಸರ್ ಇತ್ತು. ತಾತನ ಕೋಣೆಯಲ್ಲಿ ಇರಲಿಲ್ಲ. ಮಂಚದ ಎಡಗಡೆ, ಗೋಡೆಯಲ್ಲಿ ತೀರಾ ಕೆಳಗೆ, ಒಂದು ಸಾದಾ ಸ್ವಿಚ್ ಬರೆದಿದ್ದಳು. ಎಡಗಡೆಯೇ ಯಾಕೆ ಎಂದು ಕೇಳಿದೆ.

“ಆ ಕೈ ಆಡ್ತದೆ ಮೇಡಂ” ಅಂದಳು.