ಎಂಟು ಗ್ರಾಂ ಬೆಳ್ಳಿ

ಹೈ-ಫೈ ಹುಚ್ಚು ಹಿಡಿದವರ ಜೊತೆ ಹತ್ತು ನಿಮಿಷ ಕೂತರೆ ಸಾಕು, ಮಾತು ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ದಾಟಿ ಬೆಳ್ಳಿ ಕೇಬಲ್ಲಿಗೆ ಬಂದು ನಿಲ್ಲುತ್ತೆ. ಬೆಂಗಳೂರಿನ ಅಂಗಡಿಯಲ್ಲಿ ಒಂದು ಜೋಡಿಗೆ ಹೇಳೋ ಬೆಲೆ ಕೇಳಿದ ಮೇಲೆ, ಊರಿಗೆ ಹೋಗಿ ಕೈಯಾರೆ ಮಾಡಿಕೊಳ್ಳೋದೇ ವಾಸಿ ಅನ್ನಿಸಿತು. ನಮ್ಮೂರು ಅಥಣಿ. ನಮ್ಮ ಕಡೆ ಬೆಳ್ಳಿ ಕೆಲಸಕ್ಕೇನೂ ಬರವಿಲ್ಲ. ನಿಪ್ಪಾಣಿಯಿಂದ ಆಚೆ, ಕೊಲ್ಹಾಪುರ ಜಿಲ್ಲೆಯ ಹುಪರಿ ಅಂದರೆ ಬೆಳ್ಳಿ ಕಾಲ್ಗೆಜ್ಜೆಗೇ ಹೆಸರಾದ ಊರು.

ವಿಷಯ ಕೇಳಿದ ಅವ್ವ ಕಪಾಟಿನಿಂದ ಅಜ್ಜಿಯ ಕಾಲ್ಗೆಜ್ಜೆ ತೆಗೆದುಕೊಟ್ಟಳು. "ಕೊಂಡಿ ಮುರದೈತಿ, ಸುಮ್ನ ಬಿದ್ದೈತಿ. ಕರಗಸು." ಅಜ್ಜಿಯದು ಅಂತ ಮನೆಯಲ್ಲಿ ಉಳಿದಿರೋದು ಅದೊಂದೇ. ಪೇಟೆಯ ಪತ್ತಾರ ಕಾಕಾ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

"ತಮ್ಮಾ, ಇದರಾಗ ತಾಮ್ರ ಕೂಡೇತಿ. ನಿನ್ನ ತಂತಿಗೆ ಶುದ್ಧ ಬೆಳ್ಳಿನ ತಗೊ. ಇದಕ್ಕ ಕೊಂಡಿ ಹಾಕಿ ಕೊಡ್ತೇನಿ, ಒಯ್ಯಿ."

ಭೌತಶಾಸ್ತ್ರವೂ ಅದನ್ನೇ ಹೇಳುತ್ತೆ. ಲೋಹಗಳಲ್ಲೆಲ್ಲ ವಿದ್ಯುತ್ತು ಸಲೀಸಾಗಿ ಹರಿಯೋದು ಶುದ್ಧ ಬೆಳ್ಳಿಯಲ್ಲಿ. ತಾಮ್ರ ಬೆರೆತರೆ ಆ ಮೇಲುಗೈ ಹೋಗಿಬಿಡುತ್ತೆ.

ಕಾಕಾ ಬೆಳ್ಳಿ ಸರಳನ್ನು ಉಕ್ಕಿನ ಪಟ್ಟಿಯ ತೂತುಗಳಲ್ಲಿ, ದೊಡ್ಡದರಿಂದ ಸಣ್ಣದಕ್ಕೆ, ಒಂದೊಂದಾಗಿ ಎಳೆದರು. ಎಳೆದಷ್ಟೂ ತಂತಿ ಬಿರುಸಾಗುತ್ತೆ, ಮಧ್ಯೆ ಮಧ್ಯೆ ಕಾಯಿಸಿ ಮೆತ್ತಗೆ ಮಾಡಬೇಕು. ಅರ್ಧ ಮಿಲಿಮೀಟರ್ ದಪ್ಪದ, ಮೀಟರ್ ಉದ್ದದ ನಾಲ್ಕು ತಂತಿ. ಒಟ್ಟು ತೂಕ 8 ಗ್ರಾಂ ಚಿಲ್ಲರೆ, ಅಷ್ಟೇ! ಗಾಳಿಯಲ್ಲಿರೋ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತೆ ಅಂತ ಟೆಫ್ಲಾನ್ ಕೊಳವೆ ಹಾಕಿದೆ. ಎರಡೆರಡನ್ನು ಹೆಣೆದು ತುದಿಗಳಿಗೆ ಆರ್‌ಸಿಎ ಪ್ಲಗ್ ಬೆಸೆದೆ. ಬೆಸುಗೆಗೆ ಒಂದೇ ಗುಟ್ಟು: ಕಾಯಬೇಕಾದ್ದು ತಂತಿ ಮತ್ತು ಪ್ಲಗ್ಗು. ಅವು ಕಾದರೆ ಸೀಸ ತಾನಾಗಿ ಹರಿದು ಕೂರುತ್ತೆ.

ಆಮೇಲೆ ಪರೀಕ್ಷೆ. ನಾನು ಕಣ್ಣು ಮುಚ್ಚಿ ಕೂತೆ, ಹೆಂಡತಿ ತಾಮ್ರದ್ದೋ ಬೆಳ್ಳಿದೋ ತನಗೆ ತೋಚಿದ್ದು ಸಿಕ್ಕಿಸುತ್ತಾ ಹೋದಳು. ಮಲ್ಲಿಕಾರ್ಜುನ ಮನ್ಸೂರರ ಅದೇ ಹಾಡು ಹತ್ತು ಸಲ. ನಾನು ಸರಿಯಾಗಿ ಹೇಳಿದ್ದು ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರ್ತಿತ್ತು. ಲೆಕ್ಕ ಹಾಕಿ ನೋಡಿ: ಒಂದು ಮೀಟರ್ ಬೆಳ್ಳಿ ತಂತಿಯ ರೋಧ ಸುಮಾರು 0.08 ಓಮ್, ತಾಮ್ರದ್ದು 0.09. ಅದು ಹೋಗಿ ಸೇರೋ ಆಂಪ್ಲಿಫೈಯರಿನ ಇನ್‌ಪುಟ್ ರೋಧ ಸಾಮಾನ್ಯವಾಗಿ 10,000 ಓಮ್‌ಗೂ ಮೇಲೆ. ಸಮುದ್ರಕ್ಕೆ ಒಂದು ಚಮಚ ನೀರು ಹೆಚ್ಚಾದರೇನು, ಕಮ್ಮಿಯಾದರೇನು?

ಸಣ್ಣದರಿಂದ ನಾದ ಬದಲಾಗೋದೇ ಇಲ್ಲ ಅಂತಲ್ಲ. ಕಾಗವಾಡ ದಾಟಿದರೆ ಮಿರಜ, ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು, ತಂಬೂರಿ ಮಾಡುವವರ ಊರು. ಅಲ್ಲಿ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲನ್ನು ಕೂದಲೆಳೆಯಷ್ಟು ಸರಿಸ್ತಾರೆ. ಮಂಕಾಗಿದ್ದ ನಾದ ಝೇಂಕರಿಸುತ್ತೆ. ಅದನ್ನು ಕೇಳೋಕೆ ಪಳಗಿದ ಕಿವಿಯೇನೂ ಬೇಕಿಲ್ಲ. ನಮ್ಮ ಮನೆಯಲ್ಲೂ ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತಂದಾಗ ಗುಂಯ್‌ಗುಡುತ್ತಿದ್ದ ತಬಲಾ ಬಿಡಿಸಿಟ್ಟ ಹಾಗೆ ಕೇಳಿತು. ಖರ್ಚು ಸೊನ್ನೆ.

ಕೇಬಲ್ ಮಾಡಬೇಡಿ ಅಂತ ನಾನು ಹೇಳಲ್ಲ. ಇಡೀ ದಿನ ಕೀಬೋರ್ಡ್ ಕುಟ್ಟೋ ಕೈಗೆ ಬೆಸುಗೆ ಕೆಲಸ ಹಿತ. ನಮ್ಮ ಮನೆಯಲ್ಲಿ ಈಗಲೂ ಅದೇ ಬೆಳ್ಳಿ ಕೇಬಲ್ ಇದೆ. ಆದರೆ ಅದಕ್ಕಾಗಿ ಸಾಲ ಮಾಡಬೇಡಿ, ಮನೆಯ ಹಳೇ ಒಡವೆಯನ್ನಂತೂ ಕರಗಿಸಲೇಬೇಡಿ. ಅಜ್ಜಿಯ ಗೆಜ್ಜೆ ಈಗ ಅವ್ವನ ಕಾಲಲ್ಲಿದೆ.