ಚಿತ್ರ ಹಸನು ಮಾಡುವುದು

ಮದುವೆಯ ಊಟ ಮುಗಿದರೆ ಬೀಗರಿಗೆ ಬಿಡುವು. ಛಾಯಾಚಿತ್ರ ತೆಗೆಯುವವನಿಗೆ ಆಗಲೇ ನಿಜವಾದ ದುಡಿಮೆ ಆರಂಭ. ವಿದ್ಯಾಗಿರಿಯ ಒಂದು ಸ್ಟುಡಿಯೋದಲ್ಲಿ ಸಂಜೆ ದುಡಿದು ಫೀ ಕಟ್ಟುವ ನನಗೆ ಈ ಮಾತು ಚೆನ್ನಾಗಿ ಗೊತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸಾವಿರ ಚಿತ್ರಗಳನ್ನು ಆರಿಸುತ್ತ ಬೆಳಗು ಮಾಡಿದರೆ ಮರುದಿನ ಮೊದಲ ತಾಸಿನ ಹಾಜರಿ ತಪ್ಪುತ್ತದೆ. ಆದುದರಿಂದ ವೇಗವೆಂಬುದು ನನಗೆ ಶೋಕಿಯ ಮಾತಲ್ಲ.

ಇಷ್ಟೆಲ್ಲ ಹೊತ್ತು ತಿನ್ನುವುದು ‘ರಾ’ ಎಂಬ ಕಡತ. ಕ್ಯಾಮೆರಾ ತಾನೇ ಅಡಿಗೆ ಮಾಡಿ ಬಡಿಸುವುದು ಜೆಪೆಗ್. ಅದರಲ್ಲಿ ಪ್ರತಿಯೊಂದು ಬಣ್ಣಕ್ಕೆ 256 ಮೆಟ್ಟಿಲು. ರಾ ಎಂದರೆ ಬೇಯಿಸದ ಕಾಳು. 14 ಬಿಟ್ಟಿನದಾದರೆ 16,384 ಮೆಟ್ಟಿಲು. ಜೆಪೆಗ್ ಸಾಲದೇ ಎನ್ನುವವರು ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಹಂದರದ ಬಣ್ಣದ ದೀಪಗಳ ಕೆಳಗೆ ತೆಗೆದು ನೋಡಬೇಕು. ಸೆರಗು ಬರಿಯ ಕೆಂಡವಾಗಿ, ನೇಯ್ಗೆಯೇ ಕಾಣದೆ ಹೋಗುತ್ತದೆ. ನೇಕಾರರ ಊರಿನ ಬೀಗರು ಇದನ್ನು ಕ್ಷಮಿಸಲಾರರು. ರಾ ಇದ್ದರೆ ಆಮೇಲೆ ಬಹುಮಟ್ಟಿಗೆ ತಿದ್ದಿಕೊಳ್ಳಬಹುದು.

ಆದರೆ ಅದರ ಭಾರವೂ ಹೆಚ್ಚು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಸುಮಾರು 25 ಎಂ.ಬಿ.; ಸಾವಿರಕ್ಕೆ 25 ಜಿ.ಬಿ. ಯು.ಎಸ್.ಬಿ. 2.0 ತಂತಿಯಲ್ಲಿ ಇಳಿಸಲು ಹನ್ನೆರಡು ನಿಮಿಷವಾದರೂ ಬೇಕು. ಚುರುಕಾದ ಕಾರ್ಡನ್ನು ತೆಗೆದು 3.0 ರೀಡರಿಗೆ ಹಾಕಿದರೆ ಐದಾರು ನಿಮಿಷದ ಕೆಲಸ. ಇದಕ್ಕಿಂತ ದೊಡ್ಡ ನಷ್ಟ ಮುಂದಿದೆ. ಗಣಕಯಂತ್ರವು ಪ್ರತಿ ರಾ ಕಡತವನ್ನೂ ಬಿಡಿಸಿ ಹೊಸ ಚಿತ್ರ ಕಟ್ಟತೊಡಗಿದರೆ, ಒಂದಕ್ಕೆ ಮೂರು ಸೆಕೆಂಡಿನಂತೆ ಐವತ್ತು ನಿಮಿಷ ಹೋಯಿತು. ಆ ಕಡತದೊಳಗೆ ಕ್ಯಾಮೆರಾ ತಾನೇ ಮಾಡಿಟ್ಟ ಜೆಪೆಗ್ ಒಂದು ಅಡಗಿರುತ್ತದೆ. ಆರಿಸಲು ಅದೇ ಸಾಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇಳಿಸುವಾಗ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಎಂದು ಆರಿಸಿಕೊಂಡರೆ ಅದೇ ಚಿತ್ರ ಕೂಡಲೆ ಕಾಣುತ್ತದೆ.

ಇನ್ನು ಆರಿಸುವ ಕ್ರಮ. ನಮ್ಮ ಅವ್ವ ಜೋಳ ಹಸನು ಮಾಡುವಾಗ ಮೊದಲು ಮೊರದಲ್ಲಿ ಕೇರಿ ಹೊಟ್ಟು ಹಾರಿಸುತ್ತಾಳೆ. ಆಮೇಲೆ ಕುಳಿತು ಹರಳು ಆರಿಸುತ್ತಾಳೆ. ಎರಡನ್ನೂ ಕೂಡಿಸುವುದಿಲ್ಲ. ನನ್ನದೂ ಅದೇ ರೀತಿ. ಮೊದಲ ಸುತ್ತಿನಲ್ಲಿ ಬೇಕಾದುದಕ್ಕೆ ‘ಪಿ’, ಬೇಡವಾದುದಕ್ಕೆ ‘ಎಕ್ಸ್’. ಕ್ಯಾಪ್ಸ್ ಲಾಕ್ ಒತ್ತಿಟ್ಟರೆ ಮುಂದಿನ ಚಿತ್ರ ತಾನಾಗಿ ಬರುತ್ತದೆ. ಬಣ್ಣ ತಿದ್ದುವ ಚಪಲಕ್ಕೆ ಆಗ ಎಡೆಯಿಲ್ಲ. ಎರಡನೆಯ ಸುತ್ತಿನಲ್ಲಿ ಒಂದೇ ಗಳಿಗೆಯ ಐದು ಚಿತ್ರಗಳಲ್ಲಿ ಒಂದನ್ನು ಉಳಿಸುವುದು. ಕಡೆಗೆ ಒಂದೇ ಬೆಳಕಿನ ಚಿತ್ರಗಳಲ್ಲಿ ಒಂದನ್ನು ತಿದ್ದಿ, ಆ ತಿದ್ದುಪಡಿಯನ್ನು ಉಳಿದವಕ್ಕೆ ನಕಲು ಮಾಡುವುದು.

ಒಂದು ಮಾತು ಮಾತ್ರ ನೆನಪಿರಬೇಕು: ‘ಎಕ್ಸ್’ ಎಂದರೆ ಅಳಿಸು ಎಂದಲ್ಲ. ಹೋದ ವರ್ಷ ಹುನಗುಂದದ ಕಡೆಯ ಒಬ್ಬರು ಮದುವೆಯಾದ ಎರಡು ತಿಂಗಳಿಗೆ ಸ್ಟುಡಿಯೋಕ್ಕೆ ಬಂದರು. “ನಮ್ಮವ್ವ ತೀರಿಕೊಂಡ್ಳ್ರೀ. ಆಕಿದೊಂದು ಫೋಟೋ ಐತೇನು?” ಆರಿಸಿದ ಇನ್ನೂರರಲ್ಲಿ ಆ ಮುದುಕಿ ಇರಲಿಲ್ಲ. ‘ಎಕ್ಸ್’ ರಾಶಿಯಲ್ಲಿ ಸಿಕ್ಕಳು: ಕಂಬಕ್ಕೆ ಒರಗಿ ಅಕ್ಷತೆ ಹಿಡಿದು ಕುಳಿತಿದ್ದಾಳೆ, ಚಿತ್ರ ತುಸು ಅಲುಗಿದೆ. ಅವರು ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಂಡು ಹೋದರು.

ಎರಡು ಕಡೆ ನಕಲಿಟ್ಟ ಹೊರತು ಕಾರ್ಡು ಅಳಿಸಬಾರದು, ಮನೆಯವರು ನೋಡುವ ತನಕ ‘ಎಕ್ಸ್’ ರಾಶಿಯನ್ನು ಮುಟ್ಟಬಾರದು ಎಂಬುದು ನಮ್ಮ ಮಾಲಕರ ಕಟ್ಟಳೆ. ಆರಿಸುವಲ್ಲಿ ಎಷ್ಟು ಅವಸರವಾದರೂ ಇರಲಿ. ಅಳಿಸುವಲ್ಲಿ ಅವಸರ ಬೇಡ.